ಭೌತವಿಜ್ಞಾನದ ತಂತ್ರಾಂಶವೂ ಪರವಾನಗಿಯ ಧರ್ಮವೂ

ಕನ್ನಡದ ಅನುಭಾವ ಸಾಹಿತ್ಯದಲ್ಲಿ ಶೂನ್ಯಸಂಪಾದನೆಗೆ ವಿಶಿಷ್ಟವಾದ ಸ್ಥಾನವುಂಟು. ಇದು ಒಬ್ಬನೇ ಕವಿ ಏಕಾಂತದಲ್ಲಿ ಕುಳಿತು ರಚಿಸಿದ ಕೃತಿಯಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಆಯ್ದು, ಸಂವಾದರೂಪದಲ್ಲಿ ಜೋಡಿಸಿ, ನಡುನಡುವೆ ಬೆಸುಗೆಯ ಮಾತುಗಳನ್ನು ಸೇರಿಸಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ಸಂಕಲಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮೂವರು ಪೂರ್ವದ ಸಂಕಲನವನ್ನು ಆಧಾರವಾಗಿಟ್ಟುಕೊಂಡು ಅದನ್ನು ಪರಿಷ್ಕರಿಸಿದರು. ಇಷ್ಟು ಕೈಗಳಲ್ಲಿ ಹಾದುಬಂದರೂ ಯಾವ ಮಾತು ಯಾರದು ಎಂಬ ವಿವೇಕ ಅಲ್ಲಿ ಕೆಡಲಿಲ್ಲ. ಅಲ್ಲಮಪ್ರಭುವಿನ ಮಾತು ಗುಹೇಶ್ವರ ಅಂಕಿತದೊಡನೆಯೂ, ಬಸವಣ್ಣನವರ ಮಾತು ಕೂಡಲಸಂಗಮದೇವ ಅಂಕಿತದೊಡನೆಯೂ, ಅಕ್ಕಮಹಾದೇವಿಯ ಮಾತು ಚೆನ್ನಮಲ್ಲಿಕಾರ್ಜುನ ಅಂಕಿತದೊಡನೆಯೂ ನಿಂತಿರುವುದೇ ಇದಕ್ಕೆ ಕಾರಣ. ಪರರ ಮಾತನ್ನು ತನ್ನ ಕೃತಿಯೊಳಗೆ ಸೇರಿಸಿಕೊಳ್ಳುವುದು ದೋಷವಲ್ಲ, ಅದರ ಅಂಕಿತವನ್ನು ಅಳಿಸುವುದು ದೋಷ ಎಂಬ ತತ್ತ್ವವನ್ನು ಈ ಸಂಕಲನಕಾರರು ತಮ್ಮ ಕೆಲಸದಿಂದಲೇ ತೋರಿಸಿದ್ದಾರೆ.

ಈ ತತ್ತ್ವವನ್ನು ಇಲ್ಲಿ ಸ್ಮರಿಸಲು ಕಾರಣವುಂಟು. ಇಂದು ಭೌತವಿಜ್ಞಾನದ ಸಂಶೋಧನೆ ಪ್ರಯೋಗಶಾಲೆಯಲ್ಲಿ ಎಷ್ಟು ನಡೆಯುತ್ತದೆಯೋ ಗಣಕಯಂತ್ರದಲ್ಲಿಯೂ ಅಷ್ಟೇ ನಡೆಯುತ್ತದೆ. ಆ ಯಂತ್ರವನ್ನು ನಡೆಸುವ ತಂತ್ರಾಂಶವೂ ಶೂನ್ಯಸಂಪಾದನೆಯಂತೆ ಅನೇಕರ ಕೃತಿಗಳ ಜೋಡಣೆಯೇ ಆಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಶಾಲೆಗಳಲ್ಲಿ ಓದಿ, ಮುಂದೆ ವಿಜ್ಞಾನ ಮತ್ತು ತಂತ್ರವಿದ್ಯೆಯ ಕಾಲೇಜುಗಳನ್ನು ಸೇರುವ ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ಇಂತಹ ಜೋಡಣೆಯ ಕೆಲಸಕ್ಕೆ ಕೈಹಾಕುವವರೇ. ಆಗ ಯಾರದನ್ನು ತೆಗೆದುಕೊಳ್ಳಬಹುದು, ಯಾವ ನಿಯಮಕ್ಕೆ ಒಳಪಟ್ಟು ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಮಾಡಬೇಕಾದ ಕರ್ತವ್ಯವೇನು ಎಂಬುದನ್ನು ತಿಳಿದಿರುವುದು ಅವಶ್ಯಕ.

ಮೊದಲು ಕೆಲವು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಗಣಕಯಂತ್ರಕ್ಕೆ ಕೊಡುವ ಆದೇಶಗಳ ಮಾಲಿಕೆಯನ್ನು ಮನುಷ್ಯರು ಓದಿ ತಿದ್ದಬಲ್ಲ ರೂಪದಲ್ಲಿ ಬರೆದಾಗ ಅದು ಮೂಲ ಸಂಕೇತ; ರೂಢಿಯಲ್ಲಿ ಸೋರ್ಸ್ ಕೋಡ್ ಎನ್ನುತ್ತಾರೆ. ಯಂತ್ರವು ಮಾತ್ರ ಗ್ರಹಿಸುವಂತೆ ಅದನ್ನು ಪರಿವರ್ತಿಸಿದಾಗ ಉಂಟಾಗುವುದು ಯಂತ್ರರೂಪ. ಯಂತ್ರರೂಪವನ್ನು ಮಾತ್ರ ಪಡೆದವನು ತಂತ್ರಾಂಶವನ್ನು ನಡೆಸಬಲ್ಲನೇ ಹೊರತು ಅದರೊಳಗೆ ಏನು ನಡೆಯುತ್ತಿದೆಯೆಂದು ಸುಲಭವಾಗಿ ಪರೀಕ್ಷಿಸಲಾರನು. ಅನೇಕರಿಗೆ ಪದೇಪದೇ ಬೇಕಾಗುವ ಗಣಿತಕ್ರಿಯೆಗಳನ್ನು ಒಂದೆಡೆ ಕೂಡಿಸಿಟ್ಟ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಇದನ್ನು ಸಂಕೇತಭಂಡಾರ ಎನ್ನಬಹುದು. ತಾನು ಬರೆಯದೆ ಪರರಿಂದ ಪಡೆದು ತನ್ನ ತಂತ್ರಾಂಶದಲ್ಲಿ ಬಳಸುವ ಭಾಗವೇ ಅನ್ಯಕೃತ ಸಂಕೇತ.

ಇನ್ನು ಕಾನೂನಿನ ಮಾತು. ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರಲ್ಲಿ ಅಂಗೀಕೃತವಾಗಿ 1958ರಲ್ಲಿ ಜಾರಿಗೆ ಬಂದಿತು. 1984ರ ತಿದ್ದುಪಡಿಯಿಂದ ಗಣಕಯಂತ್ರದ ಕ್ರಮವಿಧಿಗಳನ್ನೂ ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಲಾಯಿತು. ಕಾವ್ಯ ನಾಟಕಗಳಿಗೆ ಇರುವಂತೆ ಕ್ರಮವಿಧಿಗೂ ಸ್ವಾಮ್ಯವುಂಟು. ಅದು ಬರೆದೊಡನೆ ತಾನಾಗಿಯೇ ಹುಟ್ಟುತ್ತದೆ, ನೋಂದಣಿಯನ್ನು ಕಾಯುವುದಿಲ್ಲ. ಇದರಿಂದ ಫಲಿಸುವ ಒಂದು ಸಂಗತಿಯನ್ನು ಬಹುಮಂದಿ ಗಮನಿಸುವುದಿಲ್ಲ. ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಸಂಕೇತದ ಮೇಲೆ ಯಾವ ಅನುಮತಿಯ ಮಾತೂ ಬರೆದಿಲ್ಲವಾದರೆ ಅದು ಎಲ್ಲರ ಸೊತ್ತಲ್ಲ. ಅದನ್ನು ನಕಲುಮಾಡಿ ಹಂಚುವ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆ. ಬೇಲಿಯಿಲ್ಲದ ಹೊಲವೂ ಒಡೆಯನುಳ್ಳ ಹೊಲವೇ ಎಂಬುದು ಹಳ್ಳಿಯ ಮಕ್ಕಳಿಗೆ ತಿಳಿಯದ ವಿಷಯವಲ್ಲ. ಆ ಒಡೆಯನು ಮುಂದಾಗಿಯೇ ಎಲ್ಲರನ್ನೂ ಉದ್ದೇಶಿಸಿ, ಇಂತಿಂತಹ ನಿಯಮಕ್ಕೆ ಒಳಪಟ್ಟು ಇದನ್ನು ಬಳಸಿರಿ, ತಿದ್ದಿರಿ, ಹಂಚಿರಿ ಎಂದು ಬರೆದುಕೊಡುವ ಲೇಖವೇ ಮುಕ್ತ ಪರವಾನಗಿ.

ಇಂತಹ ಪರವಾನಗಿಗಳು ಹಲವು. ಅವುಗಳ ಸ್ವಭಾವವನ್ನು ಮೂರು ಬಗೆಯಾಗಿ ವಿಂಗಡಿಸಿದರೆ ತಿಳಿಯಲು ಸುಲಭ.

ಮೊದಲನೆಯದು ಅರವಟ್ಟಿಗೆಯಂಥದು. ಬೇಸಿಗೆಯಲ್ಲಿ ದಾರಿಯ ಬದಿಗೆ ಇಟ್ಟ ಅರವಟ್ಟಿಗೆಯಲ್ಲಿ ಯಾರು ಬೇಕಾದರೂ ನೀರು ಕುಡಿದು ಮುಂದೆ ಹೋಗಬಹುದು. ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಹುಟ್ಟಿದ ಬಿಎಸ್‌ಡಿ ಪರವಾನಗಿ, ಎಂಐಟಿ ಪರವಾನಗಿ, 2004ರ ಅಪಾಚೆ ಎರಡನೆಯ ಆವೃತ್ತಿ ಇವು ಈ ವರ್ಗದವು. ಸಂಕೇತವನ್ನು ತಿದ್ದಿ ಮಾರಿದರೂ, ಮೂಲ ಸಂಕೇತವನ್ನು ಮುಚ್ಚಿಟ್ಟರೂ ಇವು ಆಕ್ಷೇಪಿಸುವುದಿಲ್ಲ. ಆದರೆ ಬರೆದವನ ಹೆಸರನ್ನೂ ಪರವಾನಗಿಯ ಮಾತನ್ನೂ ಉಳಿಸಿಕೊಳ್ಳಬೇಕೆಂಬ ಕಟ್ಟು ಇಲ್ಲಿಯೂ ಉಂಟು. ಅಂಕಿತವನ್ನು ಅಳಿಸಬಾರದೆಂಬುದು ಅತ್ಯಂತ ಉದಾರಿಯಾದ ದಾನಿಯ ಷರತ್ತೂ ಹೌದು.

ಎರಡನೆಯದು ಮುಯ್ಯಾಳಿನಂಥದು. ರಾಗಿಯ ಕಳೆ ತೆಗೆಯುವ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಹೊಲಕ್ಕೆ ಆಳಾಗಿ ಹೋಗುತ್ತಾರೆ. ಆ ಮನೆಯವರೂ ಅಷ್ಟೇ ದಿನ ಬಂದು ಋಣ ತೀರಿಸುತ್ತಾರೆ. ರಿಚರ್ಡ್ ಸ್ಟಾಲ್‌ಮನ್ ಎಂಬುವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬಂದ ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್, ಈ ಬಗೆಯದು. ಅದರ ಎರಡನೆಯ ಆವೃತ್ತಿ 1991ರದು, ಮೂರನೆಯದು 2007ರದು. ಜಿಪಿಎಲ್ ಸಂಕೇತವನ್ನು ಒಳಗೊಂಡ ತಂತ್ರಾಂಶವನ್ನು ಇತರರಿಗೆ ಕೊಡುವವನು ಅದರ ಮೂಲ ಸಂಕೇತವನ್ನೂ ಒದಗಿಸಬೇಕು, ಇಡೀ ಕೃತಿಯನ್ನು ಅದೇ ನಿಯಮದಡಿಯಲ್ಲಿಯೇ ಕೊಡಬೇಕು. ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ದಾಟಿಸಬೇಕೆಂಬುದೇ ಇದರ ತಿರುಳು.

ಮೂರನೆಯದು ಎರವಲು ತಂದ ಕೂರಿಗೆಯಂಥದು. ನೆರೆಯವನ ಕೂರಿಗೆಯಿಂದ ಬಿತ್ತಿದ ಮಾತ್ರಕ್ಕೆ ಬೆಳೆ ಅವನದಾಗುವುದಿಲ್ಲ. ಆದರೆ ಕೂರಿಗೆಯನ್ನು ರಿಪೇರಿ ಮಾಡಿಸಿದ್ದರೆ ಆ ರಿಪೇರಿ ಕೂರಿಗೆಯೊಡನೆಯೇ ಹೋಗಬೇಕು. 1999ರಲ್ಲಿ 2.1ನೆಯ ಆವೃತ್ತಿಯಾಗಿ ಪ್ರಕಟವಾದ ಲೆಸ್ಸರ್ ಜಿಪಿಎಲ್ ಹೀಗೆಯೇ ನಡೆಯುತ್ತದೆ. ಭಂಡಾರವನ್ನು ಬಳಸಿ ರಚಿಸಿದ ತಂತ್ರಾಂಶಕ್ಕೆ ಬೇರೆ ನಿಯಮ ಇರಬಹುದು. ಭಂಡಾರದಲ್ಲಿಯೇ ಮಾಡಿದ ತಿದ್ದುಪಡಿಯನ್ನು ಮಾತ್ರ ಹಂಚುವಾಗ ಅದೇ ನಿಯಮದಡಿಯಲ್ಲಿ ಎಲ್ಲರಿಗೂ ತೆರೆದಿಡಬೇಕು. 2012ರ ಮೊಜಿಲ್ಲಾ ಪರವಾನಗಿಯ ಎರಡನೆಯ ಆವೃತ್ತಿಯೂ ಸ್ಥೂಲವಾಗಿ ಇದೇ ದಾರಿಯದು; ಅದು ಕಡತ ಕಡತವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ.

ಈ ನಿಯಮಗಳು ವಿಜ್ಞಾನಕ್ಕೆ ಹೇಗೆ ಸಂಬಂಧಿಸುತ್ತವೆ ಎಂಬುದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಮೈಸೂರು ಸಂಸ್ಥಾನವು ದಾನವಾಗಿ ಕೊಟ್ಟ 371 ಎಕರೆ ಭೂಮಿಯಲ್ಲಿ, ಜಮ್‌ಶೇಟ್‌ಜಿ ಟಾಟಾರವರ ಸಂಕಲ್ಪದಿಂದ 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೈಯೂ ಸೇರಿರುವ ಒಂದು ತಂತ್ರಾಂಶವಿದೆ. ಅದರ ಹೆಸರು ಡಿಎಫ್‌ಟಿ-ಎಫ್‌ಇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವಿಕ್ರಂ ಗವಿನಿಯವರ ತಂಡದಲ್ಲಿ ಹುಟ್ಟಿದ ಈ ತಂತ್ರಾಂಶವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಫಣಿ ಮೋಟಮರ್ರಿಯವರ ತಂಡವೂ ಸೇರಿ ಬೆಳೆಸಿದೆ. 2023ರಲ್ಲಿ ಈ ತಂತ್ರಾಂಶದಿಂದ ನಡೆಸಿದ ಗಣನೆಗೆ, ಮಹಾಗಣಕದ ಕ್ಷೇತ್ರದಲ್ಲಿ ಅತ್ಯಂತ ಗೌರವದ ಗಾರ್ಡನ್ ಬೆಲ್ ಪ್ರಶಸ್ತಿಯು ಮಿಷಿಗನ್, ಬೆಂಗಳೂರು ಮತ್ತು ಅಮೆರಿಕದ ಓಕ್ ರಿಜ್ ಪ್ರಯೋಗಶಾಲೆಗಳ ಕೂಡುತಂಡಕ್ಕೆ ಲಭಿಸಿತು.

ಆ ತಂತ್ರಾಂಶ ಮಾಡುವ ಕೆಲಸವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಲೋಹವು ಬಾಗುವುದೋ ಮುರಿಯುವುದೋ ಎಂಬುದನ್ನು ಕೊನೆಗೆ ನಿರ್ಣಯಿಸುವುದು ಅದರೊಳಗಿನ ಎಲೆಕ್ಟ್ರಾನುಗಳ ವರ್ತನೆ. ಒಂದೊಂದು ಎಲೆಕ್ಟ್ರಾನಿನ ಸ್ಥಾನಕ್ಕೆ ಮೂರು ನಿರ್ದೇಶಾಂಕಗಳು. ನೂರು ಎಲೆಕ್ಟ್ರಾನುಗಳಿದ್ದರೆ ಮುನ್ನೂರು ಚಲಾಂಶಗಳ ಸಮೀಕರಣವಾಗುತ್ತದೆ, ಅದನ್ನು ನೇರವಾಗಿ ಬಿಡಿಸಲು ಯಾವ ಯಂತ್ರಕ್ಕೂ ಶಕ್ತಿಯಿಲ್ಲ. ಎಲೆಕ್ಟ್ರಾನುಗಳ ಸಾಂದ್ರತೆಯೊಂದೇ ತಿಳಿದರೆ ಸಾಕು, ಅದಕ್ಕೆ ಬೇಕಾದವು ಮೂರೇ ಚಲಾಂಶಗಳು ಎಂದು 1964 ಮತ್ತು 1965ರಲ್ಲಿ ವಾಲ್ಟರ್ ಕೋನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಈ ಸಿದ್ಧಾಂತಕ್ಕಾಗಿ ಕೋನ್ ಅವರಿಗೆ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಡಿಎಫ್‌ಟಿ-ಎಫ್‌ಇ ಆ ಸಮೀಕರಣಗಳನ್ನು ಬಿಡಿಸುವ ಸಲುವಾಗಿ ಆಕಾಶವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಭಾಗಿಸುತ್ತದೆ. ಪರಮಾಣುವಿನ ನಡುಗರ್ಭದ ಬಳಿಯಲ್ಲಿ ಕೋಶಗಳು ಕಿರಿದಾಗಿಯೂ ದೂರದಲ್ಲಿ ಹಿರಿದಾಗಿಯೂ ಇರುತ್ತವೆ. ಪ್ರಶಸ್ತಿ ಪಡೆದ ಗಣನೆಯಲ್ಲಿ ಆರು ಲಕ್ಷಕ್ಕೂ ಮಿಕ್ಕಿದ ಎಲೆಕ್ಟ್ರಾನುಗಳ ವ್ಯೂಹವನ್ನು ಓಕ್ ರಿಜ್‌ನ ಫ್ರಂಟಿಯರ್ ಮಹಾಗಣಕದ ಮೇಲೆ ಲೆಕ್ಕಹಾಕಲಾಯಿತು.

ಇಷ್ಟು ದೊಡ್ಡ ಕೆಲಸವನ್ನು ಒಂದೇ ತಂಡವು ಬುಡದಿಂದ ತುದಿಯವರೆಗೆ ತಾನೇ ಬರೆಯಲು ಹೊರಟಿದ್ದರೆ ಒಂದು ತಲೆಮಾರು ಸಾಲುತ್ತಿರಲಿಲ್ಲ. ಆದ್ದರಿಂದ ಅವರು ಪರರ ಭಂಡಾರಗಳನ್ನು ಆಶ್ರಯಿಸಿದರು. ಕೋಶವಿಭಜನೆಯ ಗಣಿತಕ್ಕೆ ಡೀಲ್ ಟೂ ಎಂಬ ಭಂಡಾರ. ಇದರ ಆರಂಭ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ. ಕೋಶಗಳನ್ನು ಸಾವಿರಾರು ಸಂಸ್ಕಾರಕಗಳಿಗೆ ಹಂಚಲು ಪಿ-ಫಾರೆಸ್ಟ್. ಒಂದೊಂದು ಕೊಂಬೆಯೂ ಎಂಟೆಂಟು ಕವಲಾಗಿ ಒಡೆಯುವ ಅನೇಕ ಗಣಿತವೃಕ್ಷಗಳ ಕಾಡಾದುದರಿಂದ ಅದಕ್ಕೆ ಆ ಹೆಸರು. ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವದ ಸೂತ್ರಗಳಿಗೆ ಲಿಬ್‌ಎಕ್ಸ್‌ಸಿ, ಸ್ಫಟಿಕದ ಸಮಮಿತಿಯನ್ನು ಗುರುತಿಸಲು ಎಸ್‌ಪಿಜಿಲಿಬ್, ದೊಡ್ಡ ಕೋಷ್ಟಕಗಳ ವಿಶೇಷ ಮೌಲ್ಯಗಳನ್ನು ಕಂಡುಹಿಡಿಯಲು ಎಲ್ಪಾ, ಬಿಡಿ ಅಂಕಿಗಳ ನಡುವೆ ನುಣುಪಾದ ವಕ್ರರೇಖೆಯನ್ನು ಹಾಯಿಸಲು ಆಲ್ಗ್‌ಲಿಬ್.

ಇವುಗಳ ಪರವಾನಗಿಗಳು ಒಂದೇ ಬಗೆಯವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಎಸ್‌ಪಿಜಿಲಿಬ್ ಬಿಎಸ್‌ಡಿಯ ಅರವಟ್ಟಿಗೆ. ಲಿಬ್‌ಎಕ್ಸ್‌ಸಿಯದು ಮೊಜಿಲ್ಲಾ ನಿಯಮ. ಡೀಲ್ ಟೂ ಬಹುಕಾಲ ಲೆಸ್ಸರ್ ಜಿಪಿಎಲ್ 2.1ರ ನಿಯಮದಲ್ಲಿ ಹಂಚಿಕೆಯಾದುದು. ಎಲ್ಪಾ ಲೆಸ್ಸರ್ ಜಿಪಿಎಲ್ ಮೂರನೆಯ ಆವೃತ್ತಿಯದು. ಪಿ-ಫಾರೆಸ್ಟ್ ಪೂರ್ಣ ಜಿಪಿಎಲ್, ಎರಡನೆಯ ಅಥವಾ ಮುಂದಿನ ಯಾವುದೇ ಆವೃತ್ತಿ. ಆಲ್ಗ್‌ಲಿಬ್‌ನ ಉಚಿತ ಆವೃತ್ತಿಯೂ ಜಿಪಿಎಲ್ ನಿಯಮದ್ದೇ. ಆ ನಿಯಮ ಬೇಡವೆನ್ನುವ ವ್ಯಾಪಾರಿಗಳು ಹಣ ಕೊಟ್ಟು ಬೇರೆ ಪರವಾನಗಿ ಪಡೆಯಬೇಕು. ಡಿಎಫ್‌ಟಿ-ಎಫ್‌ಇ ತಾನು ಲೆಸ್ಸರ್ ಜಿಪಿಎಲ್ 2.1 ಅಥವಾ ಮುಂದಿನ ಆವೃತ್ತಿಯ ನಿಯಮದಲ್ಲಿ ಪ್ರಕಟವಾಗಿದೆ.

ಈ ಸಾಲಿನಲ್ಲಿ ಬಂದಿರುವ ಅಥವಾ ಎಂಬ ಅವ್ಯಯ ಸಾಮಾನ್ಯವಾದುದಲ್ಲ. ಜಿಪಿಎಲ್ ಎರಡನೆಯ ಆವೃತ್ತಿಯು ತನ್ನ ಕೃತಿಯೊಡನೆ ಬೇರೆ ಹೆಚ್ಚಿನ ನಿರ್ಬಂಧವನ್ನು ಸೇರಿಸಲು ಒಪ್ಪುವುದಿಲ್ಲ. ಮೂರನೆಯ ಆವೃತ್ತಿಯ ನಿಯಮಗಳಲ್ಲಿ ಎರಡನೆಯದರಲ್ಲಿ ಇಲ್ಲದ ಕೆಲವು ಕಟ್ಟುಗಳಿವೆ. ಆದ್ದರಿಂದ ಎರಡನೆಯ ಆವೃತ್ತಿ ಮಾತ್ರ ಎಂದು ಬರೆದ ಸಂಕೇತವನ್ನು ಮೂರನೆಯ ಆವೃತ್ತಿಯ ಸಂಕೇತದೊಡನೆ ಬೆಸೆದು ಹಂಚುವಂತಿಲ್ಲ. ಎರಡೂ ಮುಕ್ತ ತಂತ್ರಾಂಶಗಳೇ ಆಗಿದ್ದರೂ ಒಂದೇ ಪಂಕ್ತಿಯಲ್ಲಿ ಕೂರಲಾರವು. ಪಿ-ಫಾರೆಸ್ಟಿನ ಕರ್ತೃಗಳು ಅಥವಾ ಮುಂದಿನ ಯಾವುದೇ ಆವೃತ್ತಿ ಎಂದು ಬರೆದಿದ್ದರಿಂದ ಮೂರನೆಯ ಆವೃತ್ತಿಯನ್ನು ಆರಿಸಿಕೊಳ್ಳಲು ಅವಕಾಶವಾಯಿತು. ಆಗ ಎಲ್ಪಾದೊಡನೆ ವಿರೋಧವಿಲ್ಲ. ಇವೆಲ್ಲವನ್ನೂ ಒಳಗೊಂಡಂತೆ ಸಿದ್ಧಪಡಿಸಿದ ಯಂತ್ರರೂಪವನ್ನು ಯಾರಾದರೂ ಹಂಚಿದರೆ ಆ ಇಡೀ ಜೋಡಣೆಯು ಜಿಪಿಎಲ್ ಮೂರನೆಯ ಆವೃತ್ತಿಯ ನಿಯಮಕ್ಕೆ ಒಳಪಡುತ್ತದೆ. ಡಿಎಫ್‌ಟಿ-ಎಫ್‌ಇಯ ಸ್ವಂತ ಕಡತಗಳು ಮಾತ್ರ ತಮ್ಮ ಸೌಮ್ಯ ನಿಯಮದಲ್ಲಿಯೇ ಉಳಿಯುತ್ತವೆ. ಶಾಸನದ ಒಂದಕ್ಷರ ಸವೆದರೆ ದತ್ತಿಯ ಎಲ್ಲೆಯೇ ಬದಲಾಗುವಂತೆ, ಇಲ್ಲಿ ಒಂದು ಅವ್ಯಯ ಲೋಪವಾದರೆ ವರ್ಷಗಳ ಶ್ರಮ ಹಂಚಲಾಗದೆ ಉಳಿಯಬಹುದು.

ಹಂಚಲಾಗದಿದ್ದರೆ ನಷ್ಟವೇನು ಎಂದು ಕೇಳಬಹುದು. ಇದಕ್ಕೆ ಹಿಂದಿನ ಒಂದು ವೃತ್ತಾಂತವೇ ಉತ್ತರ. 1986ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ನ್ಯೂಮರಿಕಲ್ ರೆಸಿಪೀಸ್ ಎಂಬ ಗ್ರಂಥವನ್ನು ಪ್ರಕಟಿಸಿತು. ಗಣಿತಕ್ರಿಯೆಗಳ ವಿವರಣೆಯೊಡನೆ ಸಿದ್ಧ ಸಂಕೇತಗಳನ್ನೂ ಒಳಗೊಂಡಿದ್ದ ಆ ಗ್ರಂಥ ಭೌತವಿಜ್ಞಾನಿಗಳ ಕೈಪಿಡಿಯೇ ಆಯಿತು. ಆದರೆ ಅದರ ಸಂಕೇತವನ್ನು ಸ್ವಂತಕ್ಕೆ ಬಳಸಲು ಅನುಮತಿಯಿತ್ತೇ ಹೊರತು ಮೂಲರೂಪದಲ್ಲಿ ಇತರರಿಗೆ ಹಂಚಲು ಅನುಮತಿಯಿರಲಿಲ್ಲ. ಗ್ರಂಥಕರ್ತರಿಗೆ ಆ ಹಕ್ಕು ನ್ಯಾಯವಾಗಿಯೇ ಇತ್ತು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೂ ಅದನ್ನು ತನ್ನ ಕ್ರಮವಿಧಿಯಲ್ಲಿ ಸೇರಿಸಿಕೊಂಡ ವಿಜ್ಞಾನಿಯು ತನ್ನ ಕ್ರಮವಿಧಿಯನ್ನೇ ಸಂಪೂರ್ಣವಾಗಿ ಇತರರ ಮುಂದೆ ಇಡಲಾರದ ಸ್ಥಿತಿ ಬಂದಿತು. ಈ ತೊಡಕಿಲ್ಲದ ಭಂಡಾರವೊಂದು ಬೇಕೆಂಬ ಉದ್ದೇಶದಿಂದ 1996ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯ ಮಾರ್ಕ್ ಗಲಾಸಿ ಮತ್ತು ಜೇಮ್ಸ್ ಥೈಲರ್ ಅವರು ಗ್ನೂ ವೈಜ್ಞಾನಿಕ ಭಂಡಾರದ ಕಾರ್ಯವನ್ನು ಆರಂಭಿಸಿದರು. ಮೊದಲಿನಿಂದಲೂ ಜಿಪಿಎಲ್ ನಿಯಮದಲ್ಲಿ ಬೆಳೆದ ಅದರ ಪ್ರಥಮ ಪೂರ್ಣ ಆವೃತ್ತಿ 2001ರಲ್ಲಿ ಹೊರಬಂದಿತು. ಆಗಲೇ ಸಿದ್ಧವಾಗಿದ್ದ ಗಣಿತಕ್ರಿಯೆಗಳನ್ನು ಹಲವು ವರ್ಷ ದುಡಿದು ಮತ್ತೊಮ್ಮೆ ಬರೆಯಬೇಕಾಯಿತು ಎಂಬುದೇ ಪರವಾನಗಿಯ ಮಹತ್ತ್ವವನ್ನು ಸಾರುತ್ತದೆ.

ಪ್ರಮಾಣವಿಲ್ಲದ ಮಾತಿಗೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ತರ್ಕದಲ್ಲಿಯೂ ವ್ಯಾಕರಣದಲ್ಲಿಯೂ ಸಿದ್ಧಾಂತವನ್ನು ಹೇಳಿದವನು ಹೇತುವನ್ನೂ ಸೂತ್ರವನ್ನೂ ತೋರಿಸಬೇಕು. ಭೌತವಿಜ್ಞಾನದಲ್ಲಿಯೂ ಹಾಗೆಯೇ. ಮಿಶ್ರಲೋಹವೊಂದರ ಬಲ ಇಷ್ಟೆಂದು ಗಣಕಯಂತ್ರ ಹೇಳಿದರೆ ಆ ಅಂಕಿಗೆ ಹೇತು ಅದರ ಮೂಲ ಸಂಕೇತ. ಅದನ್ನು ಬೇರೊಬ್ಬರು ಓದಿ, ನಡೆಸಿ, ಅದೇ ಅಂಕಿ ಬರುವುದೇ ಎಂದು ಪರೀಕ್ಷಿಸುವಂತಿರಬೇಕು. ಅನ್ಯಕೃತ ಸಂಕೇತದ ನಿಯಮವನ್ನು ಕಡೆಗಣಿಸಿದ ಕಾರಣದಿಂದ ಮೂಲವನ್ನು ಹೊರಗೆ ತೋರಿಸಲಾಗದಿದ್ದರೆ ಫಲಿತಾಂಶವು ಬರಿಯ ಮಾತಾಗಿ ಉಳಿಯುತ್ತದೆ, ಪ್ರಮಾಣವಾಗುವುದಿಲ್ಲ.

ಈ ವಿಷಯದಲ್ಲಿ ಎರಡು ಭ್ರಾಂತಿಗಳನ್ನು ನಿವಾರಿಸುವುದು ಅವಶ್ಯ. ಜಿಪಿಎಲ್ ತಂತ್ರಾಂಶವನ್ನು ಮುಟ್ಟಿದರೆ ತನ್ನದೆಲ್ಲವನ್ನೂ ಬಿಟ್ಟುಕೊಡಬೇಕಾಗುವುದೆಂದು ಕೆಲವರು ಹೆದರುತ್ತಾರೆ. ಅದು ನಿಜವಲ್ಲ. ಆ ಕಟ್ಟು ಅನ್ವಯಿಸುವುದು ತಂತ್ರಾಂಶವನ್ನು ಇತರರಿಗೆ ಕೊಡುವಾಗ. ತನ್ನ ಪ್ರಯೋಗಶಾಲೆಯೊಳಗೆ ತಿದ್ದಿ ಬಳಸುವವನು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಗಣನೆಯಿಂದ ಬಂದ ಅಂಕಿಅಂಶಗಳೂ ಬರೆದ ಪ್ರಬಂಧವೂ ಸಾಮಾನ್ಯವಾಗಿ ತಂತ್ರಾಂಶದ ಪರವಾನಗಿಗೆ ಒಳಪಡುವುದಿಲ್ಲ. ಇನ್ನು ಕೆಲವರು ಮುಕ್ತವೆಂದರೆ ಒಡೆಯನಿಲ್ಲದ್ದು ಎಂದು ಭಾವಿಸುತ್ತಾರೆ. ಇದು ಮೊದಲಿನದಕ್ಕಿಂತ ಅಪಾಯಕರ. ಒಡೆಯನು ಇರುವುದರಿಂದಲೇ, ಅವನ ಸ್ವಾಮ್ಯದ ಬಲದಿಂದಲೇ, ಮುಕ್ತತೆಯ ನಿಯಮಕ್ಕೆ ಶಕ್ತಿ ಬಂದಿದೆ.

ಹಾಗಾದರೆ ಕ್ರಮವಿಧಿಯನ್ನು ಬರೆಯತೊಡಗುವ ವಿದ್ಯಾರ್ಥಿಯು ಅನುಸರಿಸಬೇಕಾದ ಕ್ರಮವೇನು? ಪರರ ಸಂಕೇತವನ್ನು ತೆಗೆದುಕೊಳ್ಳುವ ಮುನ್ನ ಅದರೊಡನೆ ಇರುವ ಲೈಸೆನ್ಸ್ ಕಡತವನ್ನು ಓದತಕ್ಕದ್ದು. ಅದು ಇಲ್ಲವಾದರೆ ಬರೆದವರನ್ನು ಕೇಳತಕ್ಕದ್ದು, ಉತ್ತರ ಬಾರದಿದ್ದರೆ ಬಿಡತಕ್ಕದ್ದು. ಕಡತದ ತಲೆಯಲ್ಲಿರುವ ಕರ್ತೃವಿನ ಹೆಸರನ್ನೂ ವರ್ಷವನ್ನೂ ಅಳಿಸಕೂಡದು. ತಿದ್ದಿದ್ದರೆ ತಿದ್ದಿದವನ ಹೆಸರನ್ನು ಅದರ ಕೆಳಗೆ ಸೇರಿಸಬಹುದು. ಯಾವ ಭಂಡಾರ, ಯಾವ ಆವೃತ್ತಿ, ಎಲ್ಲಿಂದ ಬಂದುದು, ಯಾವ ಪರವಾನಗಿ ಎಂಬ ನಾಲ್ಕು ಸಂಗತಿಗಳ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಬೇಕು. ಕೆಲಸ ಮುಗಿದ ಮೇಲೆ ನೆನಪಿನಿಂದ ಬರೆಯುವೆನೆಂದರೆ ಅದು ಸಾಗುವುದಿಲ್ಲ. ಪರರ ಸಂಕೇತವನ್ನು ತನ್ನದರೊಳಗೆ ಚದುರಿಸುವುದಕ್ಕಿಂತ ಬೇರೆ ಕಟ್ಟಾಗಿಯೇ ಇಟ್ಟುಕೊಂಡು ಕರೆದು ಬಳಸುವುದು ಉತ್ತಮ. ಅದರಲ್ಲಿ ದೋಷ ಕಂಡು ಮೂಲಕರ್ತೃಗಳು ತಿದ್ದಿದಾಗ ಆ ತಿದ್ದುಪಡಿಯೂ ಸುಲಭವಾಗಿ ದೊರಕುತ್ತದೆ. ಪ್ರಬಂಧದಲ್ಲಿ ಆ ಭಂಡಾರಗಳ ಕರ್ತೃಗಳನ್ನು ಹೆಸರಿಸಬೇಕು. ಪರವಾನಗಿ ಅದನ್ನು ಕೇಳದಿದ್ದರೂ ವಿದ್ವತ್ತಿನ ಮರ್ಯಾದೆ ಕೇಳುತ್ತದೆ. ಕಡೆಯದಾಗಿ, ತನ್ನ ಕ್ರಮವಿಧಿಗೂ ಒಂದು ಪರವಾನಗಿಯನ್ನು ಬರೆದು ಸೇರಿಸಬೇಕು. ಅದಿಲ್ಲದೆ ಲೋಕೋಪಕಾರಕ್ಕೆಂದು ಇಟ್ಟ ಕೃತಿಯೂ ಬೀಗ ಹಾಕಿದ ಕಣಜದಂತೆ ಯಾರಿಗೂ ಒದಗದೆ ಹೋಗುತ್ತದೆ.

ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಿ ನೋಡಲಿಲ್ಲ. ದುಡಿದು ಗಳಿಸಿದ್ದು ತನ್ನೊಬ್ಬನದಲ್ಲವೆಂಬುದು ದಾಸೋಹ. ಅನ್ಯರ ದುಡಿಮೆಯನ್ನು ತನ್ನದೆನ್ನದಿರುವುದು ಕಾಯಕದ ಶುದ್ಧಿ. ಹನ್ನೆರಡನೆಯ ಶತಮಾನದಲ್ಲಿ ಕೃತಿಸ್ವಾಮ್ಯದ ಕಾನೂನೂ ಇರಲಿಲ್ಲ, ಗಣಕಯಂತ್ರವೂ ಇರಲಿಲ್ಲ. ಆದ್ದರಿಂದ ಅಂದಿನದನ್ನೂ ಇಂದಿನದನ್ನೂ ಒಂದೇ ಎನ್ನುವುದು ಸಲ್ಲದು. ಆದರೂ ಈ ಎರಡು ಮೌಲ್ಯಗಳನ್ನು ಮನೆಯಲ್ಲಿಯೂ ಮಠದ ಪಂಕ್ತಿಯಲ್ಲಿಯೂ ಕಂಡು ಬೆಳೆದ ಬಾಲಕ ಬಾಲಕಿಯರಿಗೆ ಪರವಾನಗಿಯ ನಿಯಮಗಳು ಅಪರಿಚಿತವೆನಿಸಬೇಕಾಗಿಲ್ಲ. ಕಾಕನಕೋಟೆಯ ಕಾಡಂಚಿನ ಊರುಗಳಿಂದ ಹೊರಟ ಒಬ್ಬ ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ನಾಳೆ ಇಂತಹ ಭಂಡಾರವೊಂದಕ್ಕೆ ನೂರು ಸಾಲು ಸಂಕೇತವನ್ನು ಸೇರಿಸಿದರೆ, ಆ ಸಾಲುಗಳ ತಲೆಯಲ್ಲಿ ಅವರ ಹೆಸರು ನಿಲ್ಲುತ್ತದೆ. ಬೆಂಗಳೂರಿನಲ್ಲಿಯೋ ಹೈಡೆಲ್‌ಬರ್ಗಿನಲ್ಲಿಯೋ ಅದನ್ನು ಬಳಸುವವರು ಆ ಹೆಸರನ್ನು ಉಳಿಸಿಕೊಳ್ಳಲು ಬದ್ಧರಾಗಿರುತ್ತಾರೆ. ತಮ್ಮ ಹೆಸರಿಗೆ ಸಲ್ಲಬೇಕಾದ ಆ ಗೌರವವನ್ನು ಪರರ ಹೆಸರಿಗೆ ಇಂದೇ ಸಲ್ಲಿಸುವ ಅಭ್ಯಾಸ ವಿದ್ಯಾರ್ಥಿದೆಸೆಯಲ್ಲಿಯೇ ಆರಂಭವಾಗಲಿ.